ನನ್ನ ತಮ್ಮ ‘ಉಂಡು’ ಅಂದದ್ದು ಊಟಕ್ಕಲ್ಲ

ವಿಕಲಚೇತನರ ವಸತಿ ಕೇಂದ್ರಗಳನ್ನು ತಪಾಸಣೆ ಮಾಡಿ ಪ್ರಮಾಣಪತ್ರ ಕೊಡುವ ಅಧಿಕಾರಿಗಳೇ,

ಕಳೆದ ಜನವರಿ ಇಪ್ಪತ್ತೊಂದರಂದು ನೀವು ಪುತ್ತೂರಿನ ಹತ್ತಿರದ ಒಂದು ವಸತಿ ಕೇಂದ್ರಕ್ಕೆ ಹೋಗಿ, ನನ್ನ ತಮ್ಮ ಸುಂದರನ ದೂರನ್ನು ಊಟವೆಂದು ಬರೆದುಕೊಂಡು ಬಂದಿದ್ದೀರಿ. ತಿಳಿಯದೆ ಬರೆದಿರೋ, ತಿಳಿದೇ ಬರೆದಿರೋ ಎಂಬುದು ನನಗೆ ಇನ್ನೂ ತೀರ್ಮಾನವಾಗಿಲ್ಲ. ಕೇಂದ್ರದ ಹೆಸರನ್ನು ಇಲ್ಲಿ ಹಾಕುವುದಿಲ್ಲ. ನಿಮಗೆ ಗೊತ್ತಿದೆ.

ಸುಂದರನಿಗೆ ಐವತ್ತೆಂಟು ವರ್ಷ. ಬುದ್ಧಿ ನಾಲ್ಕೈದು ವರ್ಷದ ಮಗುವಿನದು. ನಾಲ್ಕು ವರ್ಷಗಳಿಂದ ನಡೆಯಲೂ ಆಗದು. ಅಮ್ಮ ಹೋದ ಮೇಲೆ ಅವನನ್ನು ನೋಡಿಕೊಂಡವಳು ನಾನೇ. ನನ್ನ ಎರಡೂ ಮಂಡಿಗಳಿಗೆ ಶಸ್ತ್ರಚಿಕಿತ್ಸೆಯಾಗಿ, ಎತ್ತಲು, ತಿರುಗಿಸಲು ಶಕ್ತಿ ಸಾಲದೆ ಹೋದಾಗ ಕಳೆದ ವರ್ಷ ಅವನನ್ನು ಅಲ್ಲಿ ಸೇರಿಸಿದೆ. ಗೋಡೆಯ ಮೇಲೆ ತೂಗುಹಾಕಿದ್ದ ನಿಮ್ಮ ಪ್ರಮಾಣಪತ್ರವನ್ನು ನೋಡಿಯೇ ಸೇರಿಸಿದ್ದು.

ಫೆಬ್ರವರಿಯಲ್ಲಿ ಮನೆಯ ದೈವಗಳಿಗೆ ವರ್ಷದ ತಂಬಿಲ ಸೇವೆಯಿತ್ತು. ವ್ಯಾನು ಮಾಡಿಸಿ ಸುಂದರನನ್ನು ಬೆಳ್ಳಾರೆಗೆ ಕರೆತಂದು ಮೂರು ದಿನ ಇಟ್ಟುಕೊಂಡೆ. ಮೈ ಒರೆಸಲೆಂದು ಅವನನ್ನು ಮಗ್ಗುಲು ಮಾಡಿದಾಗ ಸೊಂಟದ ಕೆಳಗೆ ನನ್ನ ಅಂಗೈಯಷ್ಟು ಅಗಲದ ಹುಣ್ಣು ಕಂಡಿತು. ನಡುವೆ ಕಪ್ಪಾಗಿತ್ತು, ವಾಸನೆ ಬರುತ್ತಿತ್ತು. ನೋಡಿದ ಡಾಕ್ಟರು, ಮಲಗಿದಲ್ಲೇ ಮಲಗಿಸಿದ್ದರಿಂದ ಆದದ್ದು, ಒಂದು ತಿಂಗಳಿಗೂ ಹಳೆಯದು, ಮೂಳೆಗೆ ಇಳಿದರೆ ಜೀವಕ್ಕೇ ಅಪಾಯ ಎಂದರು.

ಅವನನ್ನು ಹಿಂದಕ್ಕೆ ಕರೆದೊಯ್ದ ದಿನ ಮೇಲ್ವಿಚಾರಕನನ್ನು ನಿಲ್ಲಿಸಿ ಕೇಳಿದೆ. ನನ್ನ ಮಗನ ಪ್ರಾಯದವನು. ನಗುತ್ತಲೇ ಹೇಳಿದ: “ಅಕ್ಕ, ನೀವು ಹೀಗೆ ಬಿಸಿ ಆಗ್ಬೇಡಿ. ಮೊನ್ನೆಯಷ್ಟೇ ತಪಾಸಣೆ ಆಗಿದೆ. ಎಲ್ಲ ಸರಿ ಉಂಟು ಅಂತ ಮೇಲಿನವ್ರೇ ಬರ್ದು ಕೊಟ್ಟಿದ್ದಾರೆ. ನಿಮ್ಮ ತಮ್ಮನೇ ದೂರು ಇಲ್ಲ ಅಂತ ಹೇಳಿದ್ದು. ಮತ್ತೆಯೂ ನಮ್ಮಲ್ಲಿ ಸರಿ ಕಾಣುದಿಲ್ಲ ಅಂತಾದ್ರೆ ಕರ್ಕೊಂಡು ಹೋಗಿ.”

ನನ್ನ ತಮ್ಮ ಹೇಳಿದ್ದಾನಂತೆ! ಅವನ ಬಾಯಲ್ಲಿರುವ ಶಬ್ದಗಳನ್ನು ಎರಡು ಕೈಗಳ ಬೆರಳಲ್ಲಿ ಎಣಿಸಬಹುದು, ಅವೆಲ್ಲ ತುಳು ಶಬ್ದಗಳು. ಹಾಗಾದರೆ ಅವನು ಏನು ಹೇಳಿದನೆಂದು ನೋಡಿಯೇ ಬಿಡೋಣ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ನಿಮ್ಮ ವರದಿ ಬಂತು. ಇಪ್ಪತ್ತಮೂರನೆಯ ನಿವಾಸಿ, ಸುಂದರ. ‘ತೊಂದರೆಗಳ ಕುರಿತು ವಿಚಾರಿಸಲಾಗಿ, ಉಂಡಿರುವುದಾಗಿ ತಿಳಿಸಿದರು. ದೂರುಗಳಿರುವುದಿಲ್ಲ.’ ಸಮಯ ಹನ್ನೊಂದು ಗಂಟೆ ಹತ್ತು ನಿಮಿಷ. ಕೆಳಗೆ ನಿಮ್ಮ ಸಹಿ.

ನಾನು ಹತ್ತನೆಯ ತರಗತಿಯವರೆಗೆ ಮಾತ್ರ ಓದಿದವಳು. ಆದರೂ ಇಷ್ಟು ಬಲ್ಲೆ. ಕನ್ನಡದಲ್ಲಿ ‘ಉಂಡು’ ಎಂದರೆ ಊಟ ಮಾಡಿ ಎಂದರ್ಥ. ತುಳುವಿನಲ್ಲಿ ‘ಉಂಡು’ ಎಂದರೆ ‘ಇದೆ’. ತೊಂದರೆ ಇದೆಯೇ ಎಂದು ನೀವು ಕೇಳಿದಿರಿ. ಇದೆ ಎಂದು ಅವನು ಹೇಳಿದ. ಹೊಟ್ಟೆ ತುಂಬಿದ್ದರೆ ಸುಂದರ ‘ವನಸ್ ಆಂಡ್’ ಅನ್ನುತ್ತಾನೆ, ಊಟ ಆಯಿತು ಎಂದು. ಬಾಕಿ ಏನು ಕೇಳಿದರೂ ಅವನ ಉತ್ತರ ‘ಇಜ್ಜಿ’, ಇಲ್ಲ ಎಂದೇ. ಜ್ವರ ನೂರಮೂರು ಇದ್ದಾಗಲೂ ಇಜ್ಜಿ ಎಂದವನು ಅವನು. ಅಂಥವನ ಬಾಯಿಂದ ‘ಉಂಡು’ ಬರಬೇಕಾದರೆ ಎಷ್ಟು ನೋವಿರಬೇಕೆಂದು ನನಗೆ ಗೊತ್ತು.

ಆ ದಿನ ನಡೆದದ್ದನ್ನು ಪಕ್ಕದ ಮಂಚದ ದೇರಣ್ಣ ಹೇಳಿದ. ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವನು, ಗುತ್ತಿಗಾರಿನ ಕಡೆಯವನು. ಅವನ ತಲೆಗೇನೂ ಆಗಿಲ್ಲ.

“ತಪಾಸಣೆಯವ್ರು ಬರ್ತಾರೆ ಅಂತ ಎಂಟು ದಿನ ಮೊದ್ಲೇ ಗೊತ್ತಿತ್ತು ಅಕ್ಕ ಇವ್ರಿಗೆ. ಎಲ್ರಿಗೂ ಹೊಸ ಬೆಡ್‌ಶೀಟು. ನಂಗೆ ಮದುಮಗ ಆದ ಹಾಗೆ ಆಯ್ತು,” ಎಂದ.

“ಅದಿರ್ಲಿ ಮಾರಾಯ, ಅಧಿಕಾರಿ ಬಂದು ಎಂತ ಕೇಳಿದ್ರು?” ಎಂದೆ.

“ಅವ್ರು ಕನ್ನಡದಲ್ಲಿ ಕೇಳಿದ್ರು, ನಮ್ಮ ಮೇಲ್ವಿಚಾರಕ ಸಾಹೇಬ ತುಳುವಿಗೆ ಮಾಡಿ ‘ದಾದಾಂಡಲಾ ತೊಂದರೆ ಉಂಡಾ?’ ಅಂದ. ಸುಂದರಣ್ಣ ‘ಉಂಡು’ ಅಂತ ಹೇಳಿ ಕೈ ಹಿಂದೆ ತೆಗೊಂಡು ಹೋಗಿ ತೋರಿಸಿದ್ರು. ಇವ ಎಂತ ಹೇಳಿದ ಗೊತ್ತುಂಟಾ? ‘ಊಟ ಆಯ್ತು ಅಂತ ಹೇಳುದು ಸರ್, ಪಾಪ, ಅವನಿಗೆ ಊಟದ್ದೇ ಧ್ಯಾನ.’ ಅವ್ರು ನಕ್ಕು ಬರ್ಕೊಂಡ್ರು. ಅದು ಹಾಗಲ್ಲ ಸರ್ ಅಂತ ನಾನು ಹೇಳಿದ್ರೆ, ‘ನೀನು ಸುಮ್ನಿರು, ನಿನ್ನ ಸರದಿ ಬರ್ತದೆ’ ಅಂದ. ಇನ್ನೂ ಬರ್ಲಿಲ್ಲ.”

ನಿನ್ನ ಹೆಸರು ಹಾಕಬಹುದೇ ಎಂದು ಕೇಳಿದೆ. “ಹಾಕಿ ಅಕ್ಕ. ನನ್ನನ್ನು ಓಡಿಸ್ಲಿಕ್ಕೆ ನಂಗೆ ಕಾಲು ಬೇಕಲ್ಲ,” ಎಂದ.

ಈಗ ನನ್ನ ಸಂಶಯಗಳನ್ನು ಕೇಳಿ. ಯಾರ ಮೇಲೆ ದೂರು ಇರಬಹುದೋ ಅವರ ಬಾಯಿಂದಲೇ ದೂರನ್ನು ಕೇಳಿಸಿಕೊಳ್ಳುವುದು ನಿಮ್ಮ ಯಾವ ನಿಯಮದಲ್ಲಿದೆ? ಕೇಂದ್ರದ ನೋಟಿಸು ಬೋರ್ಡಿನಲ್ಲಿ ಮಧ್ಯಾಹ್ನದ ಊಟ ಹನ್ನೆರಡೂವರೆಗೆ ಎಂದಿದೆ. ಹನ್ನೊಂದು ಹತ್ತಕ್ಕೆ ಉಂಡವನು ಯಾವ ಊಟ ಉಂಡ? ತೊಂದರೆ ಕೇಳಿದಾಗ ಊಟದ ವಿಷಯ ಬಂತೆಂದರೆ, ಇನ್ನೊಮ್ಮೆ ಕೇಳಬೇಕೆಂದು ನಿಮಗೇಕೆ ತೋರಲಿಲ್ಲ? ನೀವು ಈ ಜಿಲ್ಲೆಗೆ ಬಂದು ಎರಡು ವರ್ಷವಾಯಿತಂತೆ. ಎರಡು ವರ್ಷಗಳಲ್ಲಿ ಮೀನಿನ ಮಾರ್ಕೆಟಿನಲ್ಲಿ, ಬಸ್ಸಿನಲ್ಲಿ, ನಿಮ್ಮದೇ ಕಚೇರಿಯ ಜವಾನನ ಬಾಯಲ್ಲಿ ‘ಉಂಡು’ ಎಂಬ ಶಬ್ದ ಒಮ್ಮೆಯೂ ಕಿವಿಗೆ ಬೀಳಲಿಲ್ಲವೇ? ಅಥವಾ ಕಡತಕ್ಕೆ ಅನುಕೂಲವಾದಾಗ ಮಾತ್ರ ಅದು ಕನ್ನಡವಾಗುತ್ತದೆಯೇ?

ವರದಿಯ ಜೊತೆಗೆ, ನಾನು ಕೇಳಿದ್ದ ಫೆಬ್ರವರಿವರೆಗಿನ ಮಗ್ಗುಲು ಬದಲಿಸುವ ದಾಖಲೆಯ ಪ್ರತಿಯೂ ಬಂದಿದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲಾಗಿದೆ ಎಂದು ಸಾಲಾಗಿ ಗುರುತುಗಳು, ಒಂದೇ ಪೆನ್ನು, ಒಂದೇ ಕೈ. ತಂಬಿಲದ ಮೂರು ದಿನಗಳಿಗೂ ಗುರುತು ಬಿದ್ದಿದೆ. ಆಗ ಸುಂದರ ಬೆಳ್ಳಾರೆಯಲ್ಲಿ ನನ್ನ ಮಂಚದ ಮೇಲಿದ್ದ. ಇಷ್ಟು ದೂರದಿಂದ ಅವನನ್ನು ತಿರುಗಿಸಿದ ಸಿಬ್ಬಂದಿಯನ್ನು ನೀವು ಸನ್ಮಾನಿಸಬೇಕು.

ನೀವು ನೆನೆಸಬಹುದು, ಮುದುಕಿ ಕೇಂದ್ರ ಮುಚ್ಚಿಸಲು ಹೊರಟಿದ್ದಾಳೆ ಎಂದು. ಇಲ್ಲ. ಅಲ್ಲಿ ಮೂವತ್ತೆಂಟು ಜನರಿದ್ದಾರೆ, ಹೆಚ್ಚಿನವರಿಗೆ ಹೋಗಲು ಬೇರೆ ಜಾಗವಿಲ್ಲ. ಸುಂದರನಿಗೂ ಇಲ್ಲ. ದಿನ ಬಿಟ್ಟು ದಿನ ಬಸ್ಸಿನಲ್ಲಿ ಹೋಗಿ ಅವನ ಪಕ್ಕ ಕುಳಿತು ಬರುತ್ತೇನೆ. ಹುಣ್ಣು ವಾಸಿಯಾಗಿಲ್ಲ. ಈ ತಿಂಗಳ ಕೊನೆಗೆ ಕೇಂದ್ರದ ನೋಂದಣಿ ನವೀಕರಣವಾಗಲಿದೆ, ಅದೂ ನಿಮ್ಮ ಇದೇ ವರದಿಯ ಆಧಾರದ ಮೇಲೆ. ಒಮ್ಮೆ ನವೀಕರಣವಾದರೆ ಮುಂದೆ ಅವನ ಬೆನ್ನನ್ನು ಯಾರೂ ನೋಡುವುದಿಲ್ಲ.

ಆದ್ದರಿಂದ ಅದಕ್ಕೆ ಮೊದಲು, ಹೇಳದೆ ಹೋಗಿ. ಕೇಂದ್ರಕ್ಕೆ ಸೇರದ, ತುಳು ಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ದೇರಣ್ಣನನ್ನು ಮಾತಾಡಿಸಿ. ದಾಖಲೆಯನ್ನು ಬದಿಗಿಟ್ಟು ಸುಂದರನನ್ನು ಮಗ್ಗುಲು ಮಾಡಿ ಕಣ್ಣಾರೆ ನೋಡಿ. ಕಂಡದ್ದನ್ನು ಬರೆಯಿರಿ. ಚಿಕಿತ್ಸೆಗೆ ಲಿಖಿತ ಆದೇಶ ಕೊಡಿ.

ಇನ್ನೊಂದು ಮಾತನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ. ನಿಮ್ಮ ಕಡತದಲ್ಲಿ ‘ಕುಟುಂಬದವರ ತೃಪ್ತಿ ಪತ್ರ’ ಎಂಬ ನಾಲ್ಕು ಹಾಳೆಗಳಿವೆ. ನಾಲ್ಕರಲ್ಲೂ ನನ್ನ ಸಹಿ ಇದೆ. ತಮ್ಮನನ್ನು ಒಳ್ಳೆಯ ಜಾಗದಲ್ಲಿ ಇಟ್ಟಿದ್ದೇನೆಂದು ನೆಂಟರ ಮುಂದೆ ಹೇಳಿಕೊಂಡು ತಿರುಗುತ್ತಿದ್ದವಳಿಗೆ ಹೊದಿಕೆ ಎತ್ತಿ ನೋಡುವ ಬುದ್ಧಿ ಬರಲಿಲ್ಲ. ಆ ನಾಲ್ಕೂ ಸಹಿಗಳನ್ನು ನಾನು ಈ ಪತ್ರದ ಮೂಲಕ ಹಿಂತೆಗೆದುಕೊಂಡಿದ್ದೇನೆ. ನಿಮ್ಮದೊಂದು ಉಳಿದಿದೆ. ಅದನ್ನು ಯಾವಾಗ ಹಿಂತೆಗೆದುಕೊಳ್ಳುತ್ತೀರಿ?

ಇಂತಿ,
ಸುಂದರನ, ಓದದೆ ಸಹಿ ಹಾಕಿದ ಅಕ್ಕ,
ಲೋಲಾಕ್ಷಿ ರೈ
ಬೆಳ್ಳಾರೆ