ಚಾಡಿದೀಪಕ್ಕೆ ಮೂರನೆಯ ಡಬ್ಬ

ಗುಳೇದಗುಡ್ಡ, ಫೆಬ್ರವರಿ ೩೦, ೨೨೦೮
(ನಮ್ಮಿಂದ ಒಂದು ದಿನ ಹೆಚ್ಚು ದುಡಿಸಲೆಂದು ಕಂಪನಿಯವರು ಸೇರಿಸಿದ ದಿನವಿದು. ನಾನು ಕಾಗದ ಬರೆಯಲು ಬಳಸಿಕೊಳ್ಳುತ್ತಿದ್ದೇನೆ.)

ತೀರ್ಥರೂಪ ಮುರಿಗೆಪ್ಪಜ್ಜನವರಿಗೆ, ಇನ್ನೂ ಹುಟ್ಟದಿರುವ ನಿಮ್ಮ ಮರಿಮಗಳ ಮರಿಮಗಳು ದಾಕ್ಷಾಯಿಣಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ದೀಪವೊಂದನ್ನು ಬಿಟ್ಟು ಎಲ್ಲರೂ ಕ್ಷೇಮ. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಬೇಕು; ಕಾಲವೇ ಹಾಗಿದೆ, ಹುಡುಗಿಯೂ ಹಾಗೇ ಇದ್ದಾಳೆ ಎಂಬುದು ಮನೆಯವರ ಅಭಿಪ್ರಾಯ.

ನಮ್ಮ ಕಾಲದಲ್ಲಿ ಪ್ರತಿ ಮನೆಯಲ್ಲೂ ಕಂಪನಿ ಪುಕ್ಕಟೆ ಕೊಟ್ಟ ಮಾತಾಡುವ ದೀಪವೊಂದು ಇರಲೇಬೇಕು. ಅದು ಬೆಳಕು ಕೊಡುತ್ತದೆ, ಬಿಸಿಲೆಷ್ಟೆಂದು ಹೇಳುತ್ತದೆ, ಮನೆಯ ನೆಟ್‌ವರ್ಕಿನಲ್ಲಿ ಕಂಡದ್ದನ್ನೆಲ್ಲ ಕಂಪನಿಗೆ ಮುಟ್ಟಿಸುತ್ತದೆ. ಓಣಿಯವರು ಅದನ್ನು ಚಾಡಿದೀಪ ಎನ್ನುತ್ತೇವೆ. ದೊಡ್ಡವ್ವ ಶಂಕ್ರವ್ವನ ಮಗ್ಗವೂ ಅದೇ ನೆಟ್‌ವರ್ಕಿನಲ್ಲಿತ್ತು. ಹೋದ ವರ್ಷ ಅವಳ ಕುಪ್ಪಸದ ಖಣ ಮಗ್ಗದಿಂದ ಇಳಿಯುವ ಮೊದಲೇ ಅದರ ಚಿತ್ತಾರ ಕಂಪನಿಯ ಅಂಗಡಿಯಲ್ಲಿ ನೇತಾಡಿತು. ಈ ವರ್ಷ ಆರು ತಿಂಗಳು ಕೂತು ಗೀಜಗನ ಹಕ್ಕಿಯ ಚಿತ್ತಾರ ಕಟ್ಟುತ್ತಿದ್ದಳು. ಇದೂ ಕಳುವಾದರೆ ಮಗ್ಗ ಬಿಚ್ಚಿ ಒಲೆಗೆ ಹಾಕುತ್ತೇನೆ ಎಂದಿದ್ದಳು. ದೊಡ್ಡವ್ವ ತಮಾಷೆಗೆ ಹಾಗೆಲ್ಲ ಅನ್ನುವವಳಲ್ಲ.

ಆಗ ನಾನು ಅತ್ಯಂತ ಗಾಂಭೀರ್ಯದಿಂದ ಯುದ್ಧ ಸಾರಿದೆ. ನೆಟ್‌ವರ್ಕ್ ಹಂಚುವ ರೌಟರ್ ಡಬ್ಬ ಮನೆಗೆ ಒಂದೇ ಎಂಬುದು ನಿಯಮ. ಗುಜರಿಯಿಂದ ಗುಟ್ಟಾಗಿ ಇನ್ನೊಂದು ತಂದೆ. ಬೀದಿಯ ತಂತಿಗೆ ಮೊದಲ ಡಬ್ಬ, ಅದಕ್ಕೆ ಮಗ್ಗ. ಅದರ ಹಿಂದೆ ಎರಡನೆಯ ಡಬ್ಬ, ಅದಕ್ಕೆ ದೀಪ. ಕಳ್ಳನನ್ನು ಒಳಕೋಣೆಯಲ್ಲಿ ಕೂಡಿಹಾಕಿದೆನೆಂದು ಬೀಗಿದೆ. ಮರುದಿನ ಬೆಳಿಗ್ಗೆ ದೀಪ ಉಲಿಯಿತು: “ಶಂಕ್ರಕ್ಕಾರ, ಗೀಜಗನ ಬಾಲ ಭಾಳ ಛಂದ ಬಂದೈತ್ರಿ!”

ದೊಡ್ಡವ್ವ ನನ್ನ ಕಿವಿ ಹಿಂಡಿದಳು. “ಒಳಗಿನ ಕಳ್ಳ ಪಡಸಾಲಿ ದಾಟೇ ಹೊರಗ ಹೋಗಬೇಕಲ್ಲೇ, ಹುಚ್ಚಿ! ಪಡಸಾಲ್ಯಾಗ ನನ್ನ ಮಗ್ಗ ಕುಂತೈತಿ!”

ದಿಟ. ಹೊರಗಿನ ಡಬ್ಬದವರು ಒಳಗೆ ನುಗ್ಗಲಾರರು, ಒಳಗಿನವರು ಮಾತ್ರ ಹೊರಗಿನದನ್ನೆಲ್ಲ ನೋಡುತ್ತ ಹೋಗಬಲ್ಲರು. ತಲಬಾಗಿಲಿಗೊಂದು, ಎರಡು ಕೋಣೆಗೆ ಎರಡು, ಒಟ್ಟು ಮೂರು ಬೇಕಿತ್ತು. ಮೂರನೆಯದು ಅಟ್ಟದ ಮೇಲೆ ನಿಮ್ಮ ಟ್ರಂಕಿನಲ್ಲಿ ಸಿಕ್ಕಿತು. ಖಣದ ತುಂಡಿನಲ್ಲಿ ಸುತ್ತಿತ್ತು. ಮೇಲೆ ನಿಮ್ಮ ಕೈಬರಹದ ಚೀಟಿ: ‘ಇರಲಿ, ಬೇಕಾದೀತು.’ ಇಷ್ಟು ಹಳೆಯದು ಹೇಗೆ ನಡೆಯಿತೆಂದು ಕೇಳಬೇಡಿ. ದೊಡ್ಡವ್ವ ಎರಡು ಸಲ ತಟ್ಟಿದಳು, ಹಸಿರು ಚುಕ್ಕೆ ಮಿನುಗಿತು.

ಅದನ್ನೂ ತಲಬಾಗಿಲಿನ ಡಬ್ಬಕ್ಕೇ ಸಿಕ್ಕಿಸಿ, ಮಗ್ಗವನ್ನು ಅದರ ಹಿಂದೆ ಕೂರಿಸಿದೆ. ಈಗ ಮಗ್ಗಕ್ಕೂ ದೀಪಕ್ಕೂ ನಡುವೆ ಗೋಡೆ. ದೀಪಕ್ಕೆ ಬೇಸರವಾಗಬಾರದೆಂದು ಅದರ ಕಡೆ ಒಂದು ಆಟದ ಮಗ್ಗ ಇಟ್ಟು, ಅದರ ತುಂಬ ಕತ್ತೆಗಳ ಸಾಲು ಬಿಡಿಸಿದೆ. ಕಂಪನಿ ಮೊನ್ನೆ ಭಾರೀ ಸಮಾರಂಭ ಮಾಡಿ ತನ್ನ ಹೊಸ ಖಣ ಬಿಡುಗಡೆ ಮಾಡಿತು: ಗೀಜಗನ ಬಾಲವಿರುವ ಹನ್ನೆರಡು ಕತ್ತೆಗಳು. ಅದೇ ದಿನ ದೊಡ್ಡವ್ವ ಪೂರ್ತಿ ಹಕ್ಕಿಯ ಖಣ ಇಳಿಸಿ, ಕುಪ್ಪಸ ಹೊಲಿಸಿ ತೊಟ್ಟು, ಓಣಿಯಲ್ಲಿ ಎರಡು ಸುತ್ತು ಬಂದಳು.

ಗುರುವಾರ ಕಂಪನಿಯವರು ಡಬ್ಬ ಎಣಿಸಲು ಬರುತ್ತಾರಂತೆ. ಬರಲಿ. ಒಂದು ಮನೆಯಲ್ಲಿ ಮೂರಿದ್ದರೆ ಅಪರಾಧ. ಓಣಿಯ ಹನ್ನೆರಡೂ ಮನೆಗಳಲ್ಲಿ ಮೂರು ಮೂರಿದ್ದರೆ ಅದು ಓಣಿಯ ಪದ್ಧತಿ.

ಆದಕಾರಣ ಅಜ್ಜ, ಈ ಕಾಗದ ತಲುಪುವ ಹೊತ್ತಿಗೆ ಹಳೆಯ ಡಬ್ಬ ನಿಮ್ಮ ಕೈಯಲ್ಲಿರುತ್ತದೆ, ಅಜ್ಜಿ ಗುಜರಿಯವನ ಗಾಡಿಯನ್ನು ಬಾಗಿಲಲ್ಲಿ ನಿಲ್ಲಿಸಿರುತ್ತಾಳೆ. ಕೊಡಬೇಡಿ. ಸುತ್ತಿಡಿ, ಚೀಟಿ ಬರೆಯಿರಿ. ಅಜ್ಜಿ ಬೈದರೆ ಬೈಸಿಕೊಳ್ಳಿ. ಆಮೇಲೆ ಆ ಗಾಡಿಯಲ್ಲಿರುವ ಡಬ್ಬಗಳನ್ನೂ ಇಳಿಸಿಕೊಳ್ಳಿ. ನಮಗಿನ್ನೂ ಇಪ್ಪತ್ತೆರಡು ಬೇಕು.

ಅಟ್ಟದ ಮೇಲೆ ನಿಮ್ಮದೇ ಎರಡನೆಯ ಟ್ರಂಕೊಂದಿದೆ. ಇನ್ನೂ ತೆರೆದಿಲ್ಲ. ಬುಧವಾರ ತೆರೆಯುತ್ತೇನೆ.

ನಿಮ್ಮ ಮಾತು ಕೇಳದ,
ದಾಕ್ಷಾಯಿಣಿ