ಮಾವನ ಹಠದಿಂದ ಬಂದ ಕಾಗದ

ಓರ್ಹುಸ್,
ಗುರುವಾರ, 14 ನವೆಂಬರ್ 2024

ಪ್ರೀತಿಯ ರಿಕ್ಕೆ,

ಮಣಿಕಟ್ಟಿನ ಪಟ್ಟಿ ಬಿಚ್ಚಿದರೇ? ಎರಡೂ ಕೈಯಲ್ಲಿ ಸಾಮಾನು ಹಿಡಿದು ಒದ್ದೆ ಮೆಟ್ಟಿಲು ಇಳಿಯಬೇಡ ಎಂದು ಈಗ ಹೇಳಿ ಪ್ರಯೋಜನವಿಲ್ಲ, ಆದರೂ ಹೇಳುತ್ತೇನೆ. ನೀನಿರುವ ಟೋರ್ಸ್‌ಹಾವ್ನ್‌ನಲ್ಲಿ ಗಾಳಿ ಜೋರೆಂದು ರೇಡಿಯೊದಲ್ಲಿ ಕೇಳಿದೆ. ನಾನು ಚೆನ್ನಾಗಿದ್ದೇನೆ. ರಕ್ತದೊತ್ತಡ ನೂರಾ ನಲವತ್ತು, ಡಾಕ್ಟರು ಬೈಯಲಿಲ್ಲ. ಈ ಸಂಗತಿಯನ್ನು ಫೋನಿನಲ್ಲೇ ಹೇಳೋಣವೆಂದು ಎರಡು ಸಲ ನಿನ್ನ ನಂಬರು ಒತ್ತಿದೆ, ಎರಡು ಸಲವೂ ಇಟ್ಟುಬಿಟ್ಟೆ. ಅದಕ್ಕೇ ಕಾಗದ.

ನಮ್ಮ ಸಂಘದ ಪತ್ರಪೆಟ್ಟಿಗೆ ನಿನಗೆ ಗೊತ್ತೇ ಇದೆ. ಮನೆಯಲ್ಲಿ ಕಾಯಿಲೆಯನ್ನೋ ಸಾವನ್ನೋ ಕಂಡ ಎಳೆಯರು ಹೆಸರು ಹೇಳದೆ ಬರೆಯುತ್ತಾರೆ, ನಾವು ಉತ್ತರ ಬರೆಯುತ್ತೇವೆ. ಡಿಸೆಂಬರ್ ಎರಡರ ಸೋಮವಾರದಿಂದ ಮೊದಲ ಉತ್ತರವನ್ನು ಎಐ ಬರೆಯಲಿದೆ. ಸಂಘವನ್ನು ಅದಕ್ಕೆ ಸಜ್ಜುಗೊಳಿಸುವ ಕೆಲಸ ಎಂಟು ತಿಂಗಳಿಂದ ನನ್ನದು, ಎಲ್ಲ ಸಿದ್ಧವೆಂದು ಕೊನೆಗೆ ಸಹಿ ಹಾಕಬೇಕಾದವಳೂ ನಾನೇ. ಯಾವ ಮಾತು ಬಂದರೆ ಯಂತ್ರ ಸುಮ್ಮನಾಗಿ ಮನುಷ್ಯರನ್ನು ಕರೆಯಬೇಕು, ಭಾನುವಾರದ ಫೋನು ಯಾರ ಬಳಿ ಇರಬೇಕು, ತಪ್ಪು ಉತ್ತರ ಹೋದರೆ ಕ್ಷಮೆ ಕೇಳುವವರು ಯಾರು, ಎಲ್ಲಕ್ಕೂ ಪಟ್ಟಿ ಮಾಡಿದೆ. ನಲವತ್ತು ಸ್ವಯಂಸೇವಕರಿಗೆ ಪಾಠ ಹೇಳಿದೆ. ಮೂವತ್ತು ವರ್ಷದಿಂದ ಪತ್ರ ಬರೆಯುತ್ತಿರುವ ನಮ್ಮ ತೋವೆ, ನಿನಗೆ ಕೆಂಪು ಕೈಗವಸು ಹೆಣೆದುಕೊಟ್ಟವಳು, ಮೊದಲ ದಿನವೇ ಕೈಯೆತ್ತಿದಳು: “ಇದಕ್ಕೆ ಕಾಫಿ ಬಿಡುವೇ ಇಲ್ವಾ? ಪಾಪ, ಮೊದ್ಲು ಯೂನಿಯನ್‌ಗೆ ಸೇರಿಸ್ರಪ್ಪಾ.”

ಯಂತ್ರಕ್ಕೆ ನಮ್ಮ ಧಾಟಿ ಬರಲೆಂದು ಹನ್ನೊಂದು ಸಾವಿರ ಹಳೆಯ ಪತ್ರಗಳನ್ನೂ ಅವುಗಳ ಉತ್ತರಗಳನ್ನೂ ಉಣಿಸಿದ್ದೆವು. ಅದಕ್ಕೂ ಮುಂಚೆ ಹೆಸರು, ವಿಳಾಸ, ಶಾಲೆ, ಗುರುತಿನ ಸಂಖ್ಯೆ ಅಳಿಸಿದೆವು. ಏನೇನು ಅಳಿಸಬೇಕೆಂದು ಬರೆದುಕೊಟ್ಟವಳು ನಾನೇ.

ನಿನ್ನೆ ತಾಲೀಮು. ಪ್ರತಿಯೊಬ್ಬರೂ ಒಂದು ಮಗುವಿನಂತೆ ಪ್ರಶ್ನೆ ಬರೆಯಬೇಕಿತ್ತು. ನಾನು ‘ಅಪ್ಪ ತೀರಿಕೊಂಡ ಮೇಲೆ ಅಮ್ಮ ಮಾತಾಡೋದೇ ಬಿಟ್ಟಿದ್ದಾಳೆ’ ಎಂದು ಬರೆದೆ. ಕೈಗೆ ಬಂದದ್ದು ಅದು. ಯಂತ್ರ ನಾಲ್ಕು ಒಳ್ಳೆಯ ಸಾಲು ಬರೆಯಿತು. ಆಮೇಲೆ, ನೀನೊಬ್ಬಳೇ ಅಲ್ಲ, ಹಿಂದೆ ಒಬ್ಬ ಹುಡುಗಿ ಹೀಗೆ ಬರೆದಿದ್ದಳು ಎಂದು ಸೇರಿಸಿತು: ‘ಶಾಲೆ ಬಿಟ್ಟ ಮೇಲೆ ನಾನು ಮಾವನ ಹಠಕ್ಕೆ ಹೋಗ್ತೀನಿ. ಅಲ್ಲೇ ಒಲೆ ಹಚ್ಕೊಂಡು ಲೆಕ್ಕ ಮಾಡ್ತೀನಿ. ಮನೇಲಿ ಅಮ್ಮ ಬೇರೆ ಮಕ್ಕಳ ಕಾಗದ ಓದ್ತಾ ಕೂತಿರ್ತಾಳೆ.’

ರಿಕ್ಕೆ, ಈ ಊರಿನ ಅಂಚಿನಲ್ಲಿ ಸಾವಿರಾರು ತೋಟದ ಗುಡಿಸಲುಗಳಿವೆ. ಒಂದೊಂದರ ಬಾಗಿಲ ಮೇಲೂ ಹಲಗೆ, ಹಲಗೆಯ ಮೇಲೊಂದು ತಮಾಷೆಯ ಹೆಸರು. ಆದರೆ ಮಾವನ ಹಠ ಒಂದೇ, ನಮ್ಮದು. ಮಾಡು ಸೋರಿದರೂ ಬದಲಿಸಲೊಪ್ಪದ ನನ್ನ ಅಪ್ಪನನ್ನು ಕೆಣಕಲು ನಿನ್ನಪ್ಪ ನೀಲಿ ಬಣ್ಣದಲ್ಲಿ ಬರೆದದ್ದು. ಅದು ಮನುಷ್ಯರ ಹೆಸರಲ್ಲ, ಅಂಚೆಯ ವಿಳಾಸವೂ ಅಲ್ಲ. ನನ್ನ ಪಟ್ಟಿಗೆ ಅದು ಬರಲೇ ಇಲ್ಲ.

ಪರದೆಯನ್ನು ಅಂಗೈಯಿಂದ ಮುಚ್ಚಿದೆ. ಪಕ್ಕದಲ್ಲಿದ್ದ ತೋವೆ ಅಷ್ಟರಲ್ಲಿ ಓದಿಯಾಗಿತ್ತು. ಅವಳು ಬೆಚ್ಚಲಿಲ್ಲ, ನನಗೆ ಅದು ಎರಡನೆಯ ಪೆಟ್ಟು. ಹೊರಗೆ ಎಳೆದುಕೊಂಡು ಹೋಗಿ “ನಿಂಗೆ ಗೊತ್ತಿತ್ತಾ?” ಅಂದೆ.

“ಹನ್ನೆರಡು ವರ್ಷದಿಂದ. ಆ ಹಲಗೆ ನಾನೂ ನೋಡಿದ್ದೆ, ಉತ್ತರ ಬರೆದೋಳೂ ನಾನೇ.”

“ಒಂದು ಮಾತು ಹೇಳ್ಬಾರದಿತ್ತಾ, ತೋವೆ?”

“ಹೇಳಿದ್ರೆ ಆ ಹುಡುಗಿಗೆ ಇದ್ದ ಒಂದು ಜಾಗಾನೂ ಹೋಗ್ತಿತ್ತು. ಕಾಗದದ ಗುಟ್ಟು ಗಂಡನಿಗೂ ಹೇಳ್ಬಾರದು ಅಂತ ಎಲ್ರಿಗೂ ಪಾಠ ಮಾಡೋಳು ನೀನೇ ತಾನೇ?”

ಇಂದು ಬೆಳಿಗ್ಗೆ ನಿರ್ದೇಶಕ ಕ್ಲಾವ್ಸ್ ಬಳಿ ಹೋದೆ. ಯಾರ ಪತ್ರವೆಂದು ಹೇಳದೆ, ಗುಡಿಸಲಿನ ಹೆಸರು ಉಳಿದಿದೆ, ಹೀಗೆಯೇ ದೋಣಿಯ ಹೆಸರು, ನಾಯಿಯ ಹೆಸರು ಎಷ್ಟು ಉಳಿದಿವೆಯೋ, ನಿಲ್ಲಿಸಬೇಕು ಎಂದೆ. ಅವನು ನಕ್ಕ. “ಅಯ್ಯೋ ಮಾರಾಯ್ತಿ, ನನ್ನ ಗುಡಿಸಲಿನ ಹೆಸರು ಸೊಳ್ಳೆಗಳ ಅರಮನೆ. ಅದನ್ನ ಓದಿ ನನ್ನನ್ನ ಯಾರು ಹುಡುಕ್ಕೊಂಡು ಬರ್ತಾರೆ? ಒಬ್ರನ್ನಾದ್ರೂ ಗುರುತು ಹಿಡಿದಿದ್ದನ್ನ ತೋರಿಸು, ನಾನೇ ನಿಲ್ಲಿಸ್ತೀನಿ. ಬರೀ ಅನುಮಾನ ಅಂದ್ರೆ ಮಂಡಳಿ ಒಪ್ಪಲ್ಲ.” ತೋವೆಯೂ ಅಲ್ಲೇ ಇದ್ದಳು. ಗುರುತು ಹಿಡಿದ ನಾವಿಬ್ಬರೂ ಗುಟ್ಟು ಬಿಡದೆ ಹೊರಬಂದೆವು.

ಆ ವರ್ಷದ ಲೆಕ್ಕ ಹಾಕಿ ನೋಡಿದೆ. ನಿನ್ನಪ್ಪ ಹೋದದ್ದು ಮಾರ್ಚ್‌ನಲ್ಲಿ. ಏಪ್ರಿಲ್‌ನಲ್ಲಿ ನಾನು ಕೆಲಸಕ್ಕೆ ಮರಳಿದೆ. ಕಾಗದಗಳನ್ನು ಮನೆಗೂ ತರುತ್ತಿದ್ದೆ, ದಿನಕ್ಕೆ ನಾಲ್ಕು, ಐದು. ನೀನು ದೋಣಿ ಕ್ಲಬ್ಬಿಗೆ ಹೋಗುತ್ತೇನೆ ಎನ್ನುತ್ತಿದ್ದೆ, ನಾನು ನಂಬುತ್ತಿದ್ದೆ. ಒಂದು ದಿನವೂ ನಿನ್ನ ಕೂದಲು ಒದ್ದೆಯಾಗಿರಲಿಲ್ಲ. ಅದು ನನಗೆ ಕಂಡದ್ದು ನಿನ್ನೆ.

ಚಳಿಗೆ ಕಿವಿ ಮುಚ್ಚಿಕೋ, ಕೈ ಜೋಪಾನ. ತೋವೆ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ನೀನಿರುವ ಕಡೆ ನಿನಗೆ ಒಳ್ಳೆಯದೇ ಆಗಲಿ, ಮಗಳೇ.

ನಿನ್ನ ಅಮ್ಮ,
ಬೆನೆಡಿಕ್ಟೆ

ತಾ.ಕ.: ಅಂಚೆಯ ಹೊತ್ತಾಯಿತು. ಒಂದು ಸಾಲನ್ನು ಮೇಲೆ ಬರೆಯಲಾಗಲಿಲ್ಲ. ನಿನ್ನ ಕಾಗದದಿಂದ ಯಂತ್ರ ಕೊನೆಗೆ ಕೊಟ್ಟದ್ದು: ‘ಇದನ್ನ ನಿಮ್ಮಲ್ಲಿ ಯಾರು ಒಡೀತಾರೋ ಗೊತ್ತಿಲ್ಲ. ಅಮ್ಮನ ಕೈಗೇ ಸಿಕ್ಕಿದ್ರೆ ಒಳ್ಳೇದು.’ ಅಂದು ಸಿಗಲಿಲ್ಲ ರಿಕ್ಕೆ. ಈಗ ಸಿಕ್ಕಿದೆ. ಮಂಡಳಿಯ ಮುಂದೆ ನಿಂತು ‘ಇದು ನನ್ನ ಮಗಳ ಕಾಗದ, ಆ ಅಮ್ಮ ನಾನೇ’ ಎನ್ನಲು ನಿನ್ನ ಒಪ್ಪಿಗೆ ಬೇಕು. ಹಾಗೆ ಹೇಳಿದರೆ ಇದು ನಿಲ್ಲುತ್ತದೆ. ನೀನು ಬೇಡವೆಂದರೆ ಹೇಳುವುದಿಲ್ಲ. ಸಹಿ ಹಾಕದೆ ಕೆಲಸ ಬಿಡುತ್ತೇನೆ, ಅವರು ಬೇರೆಯವರಿಂದ ಹಾಕಿಸಿಕೊಳ್ಳುತ್ತಾರೆ. ಹೂಂ, ಊಹೂಂ, ಯಾವುದಾದರೂ ಒಂದೇ ಪದ ಬರೆ. ಕಚೇರಿಗೆ ಬೇಡ, ಮನೆಗೆ ಹಾಕು. ನಾನೇ ಒಡೆಯುತ್ತೇನೆ.