ಎಡಗೈಗೆ ಬಳೆ ಬ್ಯಾಡ ಅಂದ್ಬುಟ್ಲು ಅವ್ವ

ಅಣ್ಣಾ,

ಅವ್ವನ್ನ ಡಯಾಲಿಸಿಸ್‌ಗೆ ಪಾಂಡವಪುರಕ್ಕೆ ಕರ್ಕೊಂಡ್ ಹೊಂಟೆ. ಹಸುಗೆ ಹುಲ್ಲಾಕಿವ್ನಿ, ನೀರು ನೀನು ಕುಡಿಸು. ಡ್ಯೂಟಿಯಿಂದ ಬಂದೋನು ಇದನ್ನ ಓದ್ಬುಟ್ಟೇ ಮಲಿಕ್ಕೊ.

ನಿನ್ನೆ ದೇವಲಾಪುರದಲ್ಲಿ, ಅತ್ತೆ ಮಗಳು ಮೇಘನಂಗೆ ಮದುವೆ ಬಳೆ ತೊಡ್ಸೋ ಶಾಸ್ತ್ರದಲ್ಲಿ, ನೀನಿರ್ಬೇಕಿತ್ತು ಕಣಣ್ಣ! ಅತ್ತೆ ಅವ್ವನ ಎಡಗೈಗೇ ಹಸಿರು ಬಳೆ ನೂಕೋಕೆ ಬಂದ್ರು. ಡಯಾಲಿಸಿಸ್‌ಗೆ ಅಂತ ಡಾಕ್ಟ್ರು ನರ ಜೋಡ್ಸಿರೋ, ಸೂಜಿ ಚುಚ್ಚೋ ಕೈ! ಹೋದ ತಿಂಗ್ಳು ಬಿಗಿ ಬಳೆ ತೊಟ್ಟು ಆ ಕೈ ಮೇಲೇ ಮಲಗಿದ್ದಕ್ಕೆ ತಾನೆ ನರದೊಳಗೆ ರಕ್ತ ಹೆಪ್ಪುಗಟ್ಟಿ, ಡಾಕ್ಟ್ರು ಕುಯ್ದು ತೆಗ್ದಿದ್ದು? ಇನ್ನೊಂದ್ಸಲ ಅಂಗಾದ್ರೆ ಆ ನರ ಕೆಲ್ಸಕ್ಕೆ ಬರಲ್ಲ ಅಂದವ್ರೆ. ಏನಂತ ಹೇಳಿ ತಡೀಲಿ? ಕಾಯಿಲೆ ವಿಷ್ಯ ನೆಂಟ್ರತ್ರ ಬಾಯಿಬುಡ್ಬ್ಯಾಡಿ ಅಂತ ನೀನು ಬೇರೆ ಹೇಳಿದ್ದೆ.

ಅವ್ವ ಕೈ ಕಿತ್ಕೊಂಡ್ಬುಟ್ಲು. "ಈ ಕೈಗೆ ಬ್ಯಾಡ ಕಣತ್ಗೆ, ಡಯಾಲಿಸಿಸ್ ಮಾಡೋ ಕೈ ಇದು."

"ಮುತ್ತೈದೆ ಬರೀ ಕೈಲಿ ಇರ್ತಾಳೇನೇ?" ಅಂತ ಅತ್ತೆ ರೇಗಿದ್ರು.

ಅವ್ವ ಅತ್ತೆ ಬೆರಳನ್ನೇ ಎಳ್ದು ಆ ನರದ ಮೇಲೆ ಇಟ್ಕೊಂಡ್ಲು.

"ಅಯ್ಯೋ, ಒಳ್ಗೆ ಜೇನುಹುಳ ಗುಂಯ್‌ಗುಟ್ದಂಗೈತಲ್ಲೇ ಮಾಯಮ್ಮ!"

"ಊಂ, ರಕ್ತ ಹರಿಯೋ ಸದ್ದು ಅದು. ಅದು ನಿಂತ್ರೆ ನಾನೂ ನಿಂತೋಯ್ತೀನಿ."

ಆಮೇಲೆ ಬಳೆಗಾರ್ತಿ ಸೇರಿ ಎಲ್ಲ ಹೆಂಗಸ್ರೂ ಸಾಲಾಗಿ ಬಂದು ಮುಟ್ಟಿ ನೋಡಿದ್ರು. ಅವ್ವ ಮದುವೆ ಹೆಣ್ಗಿಂತ ಜಂಬದಲ್ಲಿ ಕೂತಿದ್ಲು!

ಇನ್ನೇನೂ ಮುಚ್ಚಿಡೋದಿಲ್ಲ. ಯಾರಾದ್ರೂ ಫೋನ್ ಮಾಡಿದ್ರೆ ತಲೆ ಎತ್ಕೊಂಡು ಮಾತಾಡು. ಇವತ್ತು ಆಸ್ಪತ್ರೇಲಿ ಅವ್ವನ ಪಕ್ಕ ನಾನೇ ಕೂರ್ತೀನಿ ಅಂತ ಅತ್ತೆ ಬಸ್ಸತ್ತಿ ಬತ್ತಾವ್ರೆ. ಊಟಕ್ಕೂ ನಮ್ಮನೇಗೇ. ಒಂದು ಪಾವು ಅಕ್ಕಿ ಜಾಸ್ತಿ ಇಡು.

ರಂಜಿ